ಮಣಿಕಟ್ಟಿನ ಅಳತೆ

ಸದ್ದು ಕಪಾಟಿನೊಳಗಿಂದಲೇ ಬರುತ್ತಿತ್ತು.

ಪ್ರಿಯದರ್ಶಿನಿ ಮೊದಲು ಅದನ್ನು ಹುಳು ಎಂದುಕೊಂಡಳು. ಹಳೇ ಮರವನ್ನು ಹುಳು ಕೊರೆಯುವಾಗ ಬರುವಂಥ ಸಣ್ಣ, ಬಿಡುವಿಲ್ಲದ ಸದ್ದು. ಆದರೆ ಕಪಾಟು ಕಬ್ಬಿಣದ್ದು. ಕಬ್ಬಿಣವನ್ನು ಯಾವ ಹುಳುವೂ ಕೊರೆಯುವುದಿಲ್ಲ.

ಹಲಸೂರಿನ ಆ ಗಲ್ಲಿ ಅಷ್ಟು ಹೊತ್ತಿಗೆ ಮಾತು ಮುಗಿಸಿ ಮಲಗಿತ್ತು. ಹಾಸಿಗೆಯ ಅರ್ಧ ಖಾಲಿ. ಗಂಡ ಲಕ್ಷ್ಮಿಕಾಂತ ಬಾಣಸವಾಡಿಯ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಈ ವಾರ ಅವನಿಗೆ ರಾತ್ರಿ ಪಾಳಿ. ಹೊರಗೆ ನಡುಮನೆಯಲ್ಲಿ ಅತ್ತೆ ಜಟ್ಟೆಮ್ಮ ಮಗ್ಗುಲು ಬದಲಿಸಿ ಏನೋ ಗೊಣಗಿ ಸುಮ್ಮನಾದರು.

ದಿಂಬಿನಡಿಯಿಂದ ಬೀಗದಕೈ ತೆಗೆದು ಅವಳು ಕಪಾಟು ತೆರೆದಳು. ಕೆಳಗಿನ ಖಾನೆಯಲ್ಲಿ, ಸೀರೆಗಳ ಹಿಂದೆ, ಸ್ಟೀಲಿನ ಡಬ್ಬಿ. ಅದರೊಳಗೆ ಕರವಸ್ತ್ರದಲ್ಲಿ ಸುತ್ತಿಟ್ಟ ಗಂಡಸರ ಸ್ವಿಸ್ ವಾಚು. ಮುಚ್ಚಳ ತೆಗೆದದ್ದೇ ಸದ್ದು ದೊಡ್ಡದಾಯಿತು.

ವಾಚು ನಡೆಯುತ್ತಿತ್ತು.

ಅದು ನಡೆಯಕೂಡದು. ಅದಕ್ಕೆ ಸೆಲ್ ಇಲ್ಲ. ಕಟ್ಟಿಕೊಂಡವರ ಕೈ ಆಡಿದರೆ ಮಾತ್ರ ಅದರ ಒಳಗೆ ಜೀವ. ಬಿಚ್ಚಿಟ್ಟರೆ ಎರಡು ಮೂರು ದಿನದಲ್ಲಿ ತಾನಾಗಿ ನಿಂತುಬಿಡುತ್ತದೆ. ಸೋಮವಾರ ಫಹ್ಮಿದಾ ಅದನ್ನು ತಂದು ಕೊಟ್ಟಾಗ ನಿಂತೇ ಇತ್ತು. ನಿಂತ ವಾಚನ್ನೇ ಪ್ರಿಯದರ್ಶಿನಿ ಒಳಗಿಟ್ಟು ಬೀಗ ಹಾಕಿದ್ದಳು. ಮರುದಿನ ಅಂಗಡಿಗಳಿಗೆ ಹೋದಾಗಲೂ ಅದರ ಫೋಟೋ ಮಾತ್ರ ಒಯ್ದಿದ್ದಳು. ಈ ರಾತ್ರಿ ಶುಕ್ರವಾರ.

ಅಂದರೆ ಈ ನಡುವೆ ಯಾರೋ ಅದನ್ನು ಕೈಗೆ ಕಟ್ಟಿಕೊಂಡು ತಿರುಗಾಡಿದ್ದಾರೆ. ಆಮೇಲೆ ಅದೇ ಕರವಸ್ತ್ರದಲ್ಲಿ, ಅವಳು ಮಡಚಿದ ಮಡಿಕೆಯಲ್ಲೇ ಮಡಚಿ, ವಾಪಸ್ ಇಟ್ಟಿದ್ದಾರೆ.

ಅವಳು ಡಬ್ಬಿ ಮುಚ್ಚಿದಳು. ಬೆಳಗಿನ ತನಕ ಆ ಸದ್ದನ್ನು ಕೇಳುತ್ತಾ ಕೂತಳು.

ಫ್ರೇಜರ್ ಟೌನಿನ ಮರದ ವ್ಯಾಪಾರಿ ಅನೀಸ್, ಕೆ.ಆರ್. ಪುರದ ಅರ್ಧ ಕಟ್ಟಿದ ಕಟ್ಟಡವೊಂದರಿಂದ ಬಿದ್ದು ಸತ್ತಾಗ ಅವರ ಕೈಯಲ್ಲಿ ಈ ವಾಚು ಇರಲಿಲ್ಲ. ಎರಡು ವಾರದ ಮೇಲೆ ಅದು ಬಟ್ಟೆಯ ಚೀಲವೊಂದರಲ್ಲಿ ಅವರದೇ ಮನೆಯ ಗೇಟಿಗೆ ನೇತಾಡುತ್ತಿತ್ತು. ಬಿದ್ದವರ ಕೈಯಿಂದ ಯಾರೋ ಬಿಚ್ಚಿಕೊಂಡಿದ್ದಾರೆ, ಆಮೇಲೆ ಹೆದರಿ ತಂದಿಟ್ಟಿದ್ದಾರೆ ಎಂದರು ಇನ್‌ಸ್ಪೆಕ್ಟರ್ ಚಿನ್ನಪ್ಪ. ಬಿಚ್ಚಿಕೊಂಡವನೇ ತಳ್ಳಿದವನು ಎಂದಳು ಹೆಂಡತಿ ಫಹ್ಮಿದಾ. ಅವಳು ಹಟ ಹಿಡಿದದ್ದಕ್ಕೆ ಚಿನ್ನಪ್ಪ ವಾಚನ್ನು ಅವಳ ಹತ್ತಿರವೇ ಬಿಟ್ಟು ಒಂದು ಮಾತು ಕೊಟ್ಟಿದ್ದರು: ಈ ವಾಚನ್ನು ಹಿಡಿದು ಓಡಾಡಿದ ಮನುಷ್ಯನನ್ನು ಕಂಡವರು ಒಬ್ಬರು ಸಿಕ್ಕರೂ ಫೈಲು ಮುಚ್ಚುವುದಿಲ್ಲ. ಸಿಗದಿದ್ದರೆ ಬರುವ ಸೋಮವಾರ ಆಕಸ್ಮಿಕ ಸಾವು ಎಂದು ಬರೆದು ಮುಗಿಸುತ್ತಾರೆ.

ಅದಕ್ಕೇ ಫಹ್ಮಿದಾ ಪ್ರಿಯದರ್ಶಿನಿಯ ಹತ್ತಿರ ಬಂದದ್ದು. ವಿಮಾ ಕಂಪನಿಗೆ ಸುಳ್ಳು ಕ್ಲೇಮುಗಳನ್ನು ಪತ್ತೆ ಮಾಡಿಕೊಡುತ್ತಿದ್ದ ಪ್ರಿಯದರ್ಶಿನಿ, ಈಗ ಹಲಸೂರಿನ ಬೇಕರಿಯೊಂದರ ಮೇಲಿನ ಕೋಣೆಯಲ್ಲಿ ಸ್ವಂತ ಬೋರ್ಡು ಹಾಕಿಕೊಂಡಿದ್ದಳು.

"ಕದ್ದವನು ಮಾರೋಕೆ ನೋಡೇ ನೋಡಿರ್ತಾನೆ ಮೇಡಂ," ಎಂದಿದ್ದಳು ಫಹ್ಮಿದಾ. "ಎಲ್ಲಿಗೆ ಒಯ್ದ ಅನ್ನೋದೊಂದು ಹುಡುಕಿ ಕೊಡಿ. ಅವರು ಕಾಲು ಜಾರಿ ಬೀಳೋ ಮನುಷ್ಯ ಅಲ್ಲ. ನಮ್ಮನೆ ಮೆಟ್ಟಿಲು ಇಳಿಯೋವಾಗಲೂ ಗೋಡೆ ಹಿಡ್ಕೊಂಡೇ ಇಳೀತಿದ್ರು."

ಬೆಳಗ್ಗೆ ಜಟ್ಟೆಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಮೆಂತ್ಯ ಬಿಡಿಸುತ್ತಿದ್ದರು.

"ರಾತ್ರಿ ಕಪಾಟು ಯಾಕ ತೆಗದಿದ್ದಿ ಯವ್ವಾ?"

"ನಿದ್ದೆ ಬರ್ಲಿಲ್ಲ ಅತ್ತೆ."

"ಬುಧವಾರ ರಾತ್ರೀನೂ ತೆಗದಿದ್ದಿ. ಹಿಂಗ ನಿದ್ದಿಗೆಟ್ರ ಮೈ ಏನಾಗಬೇಕು?"

ಪ್ರಿಯದರ್ಶಿನಿ ಚಹಾ ಸೋಸುತ್ತಿದ್ದ ಕೈ ನಿಲ್ಲಿಸಿದಳು. "ಬುಧವಾರ ನಾನು ತೆಗೀಲಿಲ್ಲ."

"ಹಂಗಾರ ಇಲಿ ತೆಗೀತೇನು, ಕೀಲಿ ಹಚ್ಚಿ?" ಜಟ್ಟೆಮ್ಮ ನಕ್ಕರು. "ಕಣ್ಣು ಮಬ್ಬಾಗ್ಯಾವ, ಖರೆ. ಕಿವಿ ಇನ್ನೂ ಛಲೋ ಅದಾವ. ಕಿರ್ ಅಂದಿದ್ದು ಕೇಳೀನಿ, ಮತ್ತ ಹಾಕಿದ್ದೂ ಕೇಳೀನಿ. ಭಾಳ ಹೊತ್ತು ತಗೊಂಡಿ."

ಬುಧವಾರ ರಾತ್ರಿ ಮನೆಯಲ್ಲಿ ಇದ್ದವರು ಅತ್ತೆ ಸೊಸೆ ಇಬ್ಬರೇ. ಬೀಗದಕೈ ಅವಳ ತಲೆಯ ಕೆಳಗಿತ್ತು.

ಅಷ್ಟರಲ್ಲಿ ಪಾಳಿ ಮುಗಿಸಿದ ಲಕ್ಷ್ಮಿಕಾಂತ ಬಂದ. ಮುಖ ತೊಳೆದು ಟವೆಲ್ಲಿನಲ್ಲಿ ಒರೆಸಿಕೊಳ್ಳುತ್ತಾ ಹೆಂಡತಿಯನ್ನು ನೋಡಿ ಹುಬ್ಬೇರಿಸಿದ.

"ಏನು ಹಂಗೆ ನೋಡ್ತಿದೀಯ? ಕ್ಲೇಮ್ ಸುಳ್ಳು ಅನ್ನೋ ಥರ."

"ಏನಿಲ್ಲ ರೀ. ಸುಸ್ತಾಗಿ ಕಾಣ್ತಿದೀರ."

"ಇವತ್ತು ಎಲ್ಲಿಗೆ ಸವಾರಿ?"

"ಇನ್ನೂ ಯೋಚನೆ ಮಾಡಿಲ್ಲ," ಎಂದಳು. ಅದು ನಿಜವೇ ಆಗಿತ್ತು.

ಹಲಸೂರು ಮೆಟ್ರೋದ ಪ್ಲಾಟ್‌ಫಾರ್ಮಿನಲ್ಲಿ ನಿಂತು ಅವಳು ಮತ್ತೆ ಮೊದಲಿನಿಂದ ಯೋಚಿಸಿದಳು. ಇಂಥ ವಾಚು ಕೈಗೆ ಸಿಕ್ಕವನು ಅದನ್ನು ಎಲ್ಲಿಗೆ ಒಯ್ಯುತ್ತಾನೆ? ಅವನಿಗೆ ಆಸೆ ಹೆಚ್ಚೋ ಭಯ ಹೆಚ್ಚೋ ಅನ್ನುವುದರ ಮೇಲೆ ನಿಂತಿದೆ ಅದು.

ಆಸೆ ಹೆಚ್ಚಿದ್ದರೆ ಇಂದಿರಾನಗರದ ಶೋರೂಮು. ಮಂಗಳವಾರ ಅಲ್ಲಿಗೆ ಹೋಗಿದ್ದಳು. ತಣ್ಣನೆಯ ಕೋಣೆ, ಕಪ್ಪು ಕಾಫಿ, ಬಿಳಿ ಕೈಗವಸು ಹಾಕಿಕೊಂಡು ವಾಚು ಮುಟ್ಟುವ ಹುಡುಗಿ ಇಕ್ರಾ. ಡಬ್ಬ ಬೇಕು, ಕಂಪನಿಯ ಕಾರ್ಡು ಬೇಕು, ಮಾರುವವರ ಪ್ಯಾನ್ ಬೇಕು, ಫೋಟೋ ಬೇಕು. ಹಣ ಮಾತ್ರ ವಾಚು ಇನ್ನೊಬ್ಬರಿಗೆ ಮಾರಿಹೋದ ಮೇಲೆ. ಕದ್ದವನು ಆ ಕಾಫಿ ಕುಡಿಯುವಷ್ಟು ಹೊತ್ತೂ ಕೂರಲಾರ. ಈ ನಂಬರಿನ ವಾಚು ತಮ್ಮಲ್ಲಿಗೆ ಬಂದಿಲ್ಲ ಎಂದು ಇಕ್ರಾ ಕಂಪ್ಯೂಟರಿನಲ್ಲಿ ನೋಡಿ ಹೇಳಿದ್ದಳು.

ಭಯ ಹೆಚ್ಚಿದ್ದರೆ ಟಿನ್ ಫ್ಯಾಕ್ಟರಿಯ ಬಸ್‌ಸ್ಟಾಪಿನ ಹಿಂದೆ, ಹಳೇ ಮೊಬೈಲು ಕೊಳ್ಳುವ ಸುನೀಲನಂಥವರು. ಅವನು ಫೋಟೋ ನೋಡಿ ತಲೆ ಕೆರೆದುಕೊಂಡಿದ್ದ. "ಅಕ್ಕಾ, ಇದು ಒರಿಜಿನಲ್ಲಾ? ಹಂಗಿದ್ರೆ ನಂಗೆ ಬೇಡ. ಕಾಪಿ ಆದ್ರೆ ತಗೊಂಡ್ಬರ್ಲಿ, ಇವಾಗ್ಲೇ ತಗೋತೀನಿ. ಒರಿಜಿನಲ್ ಹಿಂದೆ ಪೊಲೀಸ್ ಬರ್ತಾರೆ, ಕಾಪಿ ಹಿಂದೆ ಯಾವನೂ ಬರಲ್ಲ."

ಉಳಿದದ್ದು ಮನೆಗೇ ಬಂದು ಕೊಂಡೊಯ್ಯುವ ಆ್ಯಪು, ಕಮರ್ಷಿಯಲ್ ಸ್ಟ್ರೀಟಿನ ಎರಡು ಅಂಗಡಿ, ಮತ್ತೆ ಶಿವಾಜಿನಗರದ ಲತೀಫ್. ಕಾಗದಪತ್ರ ಇಲ್ಲದವರು ಕೊನೆಗೆ ಲತೀಫ್ ಸಾಹೇಬರ ಹತ್ತಿರ ಹೋಗುತ್ತಾರೆ ಎಂದು ಇಕ್ರಾ ಬಾಯಿತಪ್ಪಿ ಅಂದಿದ್ದಳು. ವಾಚು ಈಗ ನಡೆಯುತ್ತಿರುವುದರಿಂದ ಫೋಟೋ ಸಾಲದು. ಯಾರಾದರೂ ಅದನ್ನು ಮುಟ್ಟಿ ನೋಡಬೇಕಿತ್ತು. ಅವಳು ಅದನ್ನು ಚೀಲದಲ್ಲಿ ಹಾಕಿಕೊಂಡೇ ಹೊರಟಿದ್ದಳು.

ಎಂ.ಜಿ. ರೋಡಿನಲ್ಲಿ ಇಳಿದು ಆಟೋ ಹತ್ತುವ ತನಕ ಅವಳ ಮನಸ್ಸಿನಲ್ಲಿ ಇದ್ದದ್ದು ಕಮರ್ಷಿಯಲ್ ಸ್ಟ್ರೀಟು. "ಎಲ್ಲಿಗಮ್ಮಾ?" ಎಂದು ಆಟೋದವನು ಕೇಳಿದಾಗ ಬಾಯಲ್ಲಿ ಬಂದದ್ದು ಶಿವಾಜಿನಗರ. ಯಾಕೆಂದು ಅವಳಿಗೂ ತಿಳಿಯಲಿಲ್ಲ.

ಲತೀಫರ ಅಂಗಡಿ ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಎರಡು ಅತ್ತರಿನ ಅಂಗಡಿಗಳ ನಡುವೆ ಒತ್ತಿಕೊಂಡಿತ್ತು. ಒಳಗೆ ಗೋಡೆಯ ತುಂಬ ಗಾಜಿನ ಪೆಟ್ಟಿಗೆ, ಪೆಟ್ಟಿಗೆಯ ತುಂಬ ವಾಚು. ಒಂದೂ ನಡೆಯುತ್ತಿರಲಿಲ್ಲ. ಅಷ್ಟು ವಾಚುಗಳ ನಡುವೆ ನಿಶ್ಶಬ್ದ.

"ಎಲ್ಲ ನಿಂತಿದ್ಯಲ್ಲ ಸಾಬ್?"

"ನಿಲ್ಲಿಸಿಟ್ಟಿದೀನಿ ಅಮ್ಮಾ." ಲತೀಫರಿಗೆ ಬಿಳಿ ಗಡ್ಡ, ಹಣೆಗೆ ಏರಿಸಿದ ಭೂತಗನ್ನಡಿ. "ಮಾರೋ ವಾಚಿಗೆ ಸುಮ್ನೆ ಯಾಕೆ ಕೆಲಸ ಕೊಡೋದು? ಕೊಂಡವರ ಕೈ ಸೇರಿದ ಮೇಲೆ ಎಷ್ಟು ಬೇಕೋ ಅಷ್ಟು ನಡೀಲಿ. ಕೂತ್ಕೊಳ್ಳಿ."

ಅವಳು ವಾಚನ್ನು ಮಖಮಲ್ಲಿನ ಬಟ್ಟೆಯ ಮೇಲಿಟ್ಟಳು. ಅಂಗಡಿಯಲ್ಲಿ ಅದೊಂದರ ಸದ್ದೇ ಕೇಳುತ್ತಿತ್ತು.

ಲತೀಫ್ ಅದನ್ನು ಮುಟ್ಟಲಿಲ್ಲ. "ಕಟ್ಕೊಳ್ಳಿ," ಎಂದರು.

"ನೀವು ನೋಡಲ್ವಾ?"

"ವಾಚು ಆಮೇಲೆ ನೋಡೋದು, ಮೊದಲು ಕೈ ನೋಡೋದು. ನಮ್ಮ ಅಬ್ಬಾ ಕಾಲದಿಂದ ಇದೇ ರಿವಾಜು. ಸ್ವಂತದ್ದಾದ್ರೆ ಮನುಷ್ಯ ನನ್ನ ಜೊತೆ ಮಾತಾಡ್ತಾ ಮಾತಾಡ್ತಾನೇ ಕಟ್ಕೋತಾನೆ. ಬೇರೆಯವರದ್ದಾದ್ರೆ ತಲೆ ತಗ್ಗಿಸಿ ಕೊಂಡಿ ಎಲ್ಲಿದೆ ಅಂತ ಹುಡುಕ್ತಾನೆ. ಅಳತೆ ಅಂತೂ ಸುಳ್ಳು ಹೇಳೋದೇ ಇಲ್ಲ."

"ಇದು ನಮ್ಮ ಯಜಮಾನರದ್ದು. ನನಗೆ ದೊಡ್ಡದಾಗುತ್ತೆ."

ಹೇಳಬೇಕಾದ ಸುಳ್ಳನ್ನು ಅವಳು ಆಟೋದಲ್ಲೇ ಸಿದ್ಧ ಮಾಡಿಕೊಂಡಿದ್ದಳು. ಅನೀಸ್ ದಪ್ಪ ಮನುಷ್ಯ. ಸೋಮವಾರ ಫಹ್ಮಿದಾ ಕೊಟ್ಟಾಗ ಕೈಗೆ ತೂರಿಸಿ ನೋಡಿದ್ದಳು, ಆ ಲೋಹದ ಪಟ್ಟಿ ಬಳೆಯಂತೆ ಮೊಣಕೈ ತನಕ ಜಾರಿತ್ತು.

ಈಗ ಅದು ಬೆರಳ ಗಂಟುಗಳ ಹತ್ತಿರವೇ ಸಿಕ್ಕಿಕೊಂಡಿತು. ಕೊಂಡಿ ಬಿಚ್ಚಿ, ಕೈ ತೂರಿಸಿ, ಮತ್ತೆ ಒತ್ತಬೇಕಾಯಿತು. ಟಪ್ ಎಂದು ಕೂತಿತು. ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ಅವಳಿಗೆಂದೇ ಮಾಡಿಸಿದ ಹಾಗೆ.

ಲತೀಫ್ ನಕ್ಕರು. "ದೊಡ್ಡದಾಗುತ್ತೆ ಅಂದ್ರಿ. ನನ್ನ ಕೆಲಸಾನ ಪರೀಕ್ಷೆ ಮಾಡೋಕೆ ಬಂದ್ರಾ?"

"ನಿಮ್ಮ ಕೆಲಸ?"

"ಗುರುವಾರ ನಾನೇ ಅಲ್ವಾ ಪಟ್ಟಿಯ ಕೊಂಡಿ ಬಿಚ್ಚಿ ಚಿಕ್ಕದು ಮಾಡಿದ್ದು? ಪ್ರಿಯದರ್ಶಿನಿ ಮೇಡಂ ನೀವೇ ತಾನೆ?"

ಅವಳು ಹೆಸರು ಹೇಳಿರಲಿಲ್ಲ.

ಹೊರಗೆ ಯಾರೋ ತಳ್ಳುಗಾಡಿಯವನು ದಾರಿ ಬಿಡಿ ಎಂದು ಕೂಗಿಕೊಂಡು ಹೋದ. ಅವಳು ಚೀಲದಿಂದ ತನ್ನ ಕಾರ್ಡು ತೆಗೆದು ಬಟ್ಟೆಯ ಮೇಲಿಟ್ಟಳು.

"ಹೌದು, ನಾನೇ. ಆದರೆ ಮಾರೋಕೆ ಬಂದವಳಲ್ಲ. ಗುರುವಾರ ಇದನ್ನ ತಂದವರು ಯಾರು ಸಾಬ್?"

"ನಿಮ್ಮ ಮನೆ ವಿಷಯ ನಿಮ್ಮ ಮನೇಲೇ ಕೇಳ್ಕೊಳ್ಳಿ." ಲತೀಫರ ನಗು ಹೋಗಿತ್ತು. "ಗಂಡ ಹೆಂಡತಿ ನಡುವೆ ನನ್ನ ಯಾಕೆ ಎಳೀತೀರ?"

"ಬಂದವರು ತಾನು ಗಂಡ ಅಂದ್ರಾ?"

"ನಮ್ಮ ಮನೆಯವಳು ಅಂದ್ರು. ನಾನು ಇನ್ನೇನು ತಿಳ್ಕೊಳ್ಲಿ?"

"ಈ ವಾಚು ಯಾರದ್ದೋ ಅವರು ಸತ್ತಿದಾರೆ ಸಾಬ್. ಬಿದ್ದು ಸತ್ತರು ಅಂತಾರೆ ಪೊಲೀಸರು. ತಳ್ಳಿದ್ರು ಅಂತಾರೆ ಅವರ ಹೆಂಡತಿ. ನೀವು ಕಂಡಿದ್ದನ್ನ ಹೇಳದೆ ಹೋದ್ರೆ ಸೋಮವಾರ ಎಲ್ಲ ಮುಗಿದುಹೋಗುತ್ತೆ."

ಲತೀಫ್ ಮೇಜಿನ ಮೇಲಿದ್ದ ಕೈಯನ್ನು ಮೆಲ್ಲಗೆ ಹಿಂದೆ ತೆಗೆದುಕೊಂಡರು. ಎದ್ದು ಹೋಗಿ ಷಟರನ್ನು ಅರ್ಧ ಎಳೆದು ಬಂದು ಕೂತರು.

"ಹೆಲ್ಮೆಟ್ ಹಾಕ್ಕೊಂಡೇ ಒಳಗೆ ಬಂದ. ಬಿಸಿಲಲ್ಲಿ ಬಂದಿದೀರ, ತೆಗೆದು ಕೂತ್ಕೊಳ್ಳಿ ಅಂದೆ. ಬೇಡ ಅಂದ. ಗಾಜು ಕೂಡ ಏರಿಸ್ಲಿಲ್ಲ. ಧ್ವನಿ ಎಲ್ಲೋ ಬಾವಿ ಒಳಗಿಂದ ಬಂದ ಹಾಗಿತ್ತು."

"ಗಂಡಸೇನಾ?"

"ಗಂಡಸು ಅಂತ್ಲೇ ಅಂದ್ಕೊಂಡೆ. ಈಗ ನೀವು ಕೇಳಿದ ಮೇಲೆ ಆಣೆ ಮಾಡಿ ಹೇಳ್ಲಾರೆ. ಕೈಯಲ್ಲಿ ಈ ವಾಚು ಕಟ್ಕೊಂಡಿದ್ದ, ದೊಡ್ಡದಾಗಿ ನೇತಾಡ್ತಿತ್ತು. ಮಾರೋಕಾ ಅಂದೆ. ನಾನಲ್ಲ, ನಮ್ಮ ಮನೆಯವಳು ಬರ್ತಾಳೆ ಮಾರೋಕೆ, ಶನಿವಾರ, ಹೆಸರು ಪ್ರಿಯದರ್ಶಿನಿ. ಅವಳ ಕೈಗೆ ಸರಿ ಮಾಡಿಕೊಡಿ ಅಂದ."

"ನಾನಿಲ್ಲದೆ ನನ್ನ ಕೈಗೆ ಹೇಗೆ ಸರಿ ಮಾಡಿದ್ರಿ?"

ಲತೀಫ್ ಡ್ರಾಯರ್ ಎಳೆದು ಪುಟ್ಟ ಪ್ಲಾಸ್ಟಿಕ್ ಕವರೊಂದನ್ನು ಅವಳ ಮುಂದಿಟ್ಟರು. ಅದರಲ್ಲಿ ಪಟ್ಟಿಯಿಂದ ಬಿಚ್ಚಿದ ಕೊಂಡಿಗಳು. ಅವುಗಳ ಜೊತೆಗೆ ಗಂಟು ಹಾಕಿದ ಒಂದು ತುಂಡು ದಾರ.

"ಬಳೆ ಅಂಗಡಿಗೆ ಅಳತೆ ಕೊಡೋ ಹಾಗೆ ದಾರ ಕೊಟ್ಟ. ಅವರನ್ನೇ ಕರ್ಕೊಂಡ್ಬರಬಾರದಾ ಅಂತ ಕೇಳ್ದೆ. ನಕ್ಕ. ಎಚ್ಚರ ಇದ್ರೆ ಕೈ ಕೊಡಲ್ಲ, ನಿದ್ದೆಯಲ್ಲಿ ಅಳೆದೆ ಅಂದ. ಗಂಡ ಹೆಂಡತಿ ಚೇಷ್ಟೆ ಅಂದ್ಕೊಂಡು ನಾನೂ ನಕ್ಕುಬಿಟ್ಟೆ ಬೇಟಿ."

ಅವಳು ದಾರವನ್ನು ಕೈಗೆ ಸುತ್ತಿ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ.

ಅವಳ ಕಣ್ಣು ದಾರದ ಮೇಲೆಯೇ ನಿಂತಿತ್ತು. ಅದು ಅಂಗಡಿಯ ರೀಲಿನ ದಾರವಲ್ಲ. ಎರಡೆಳೆ ಸೇರಿಸಿ, ತೊಡೆಯ ಮೇಲೆ ಹೊಸೆದು, ಮೇಣ ಸವರಿದ ದಪ್ಪ ದಾರ. ಯಾದಗಿರಿ ಕಡೆಯ ಹೆಂಗಸರು ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವುದು ಇಂಥ ದಾರದಲ್ಲಿ. ಕೊಳ್ಳುತ್ತೇನೆಂದರೆ ಈ ಊರಿನಲ್ಲಿ ಸಿಗುವುದಿಲ್ಲ. ಮನೆಯಲ್ಲೇ ಮಾಡಿಕೊಳ್ಳಬೇಕು. ಹಲಸೂರಿನ ಅವಳ ಮನೆಯಲ್ಲಿ, ಆ ಕಡೆಯವರೇ ಆದ ಜಟ್ಟೆಮ್ಮ ಮಾಡಿಕೊಳ್ಳುತ್ತಿದ್ದರು. ಕಿಟಕಿಯ ಸರಳಿಗೆ ಅದರ ಉಂಡೆ ಯಾವಾಗಲೂ ನೇತಾಡುತ್ತಿತ್ತು, ಯಾರ ಕೈಗೂ ಸಿಗುವ ಹಾಗೆ.

"ಈ ಕೊಂಡಿ, ಈ ದಾರ, ಎರಡನ್ನೂ ನಿಮಗೇ ಕೊಟ್ಬಿಡಿ ಅಂತಾನೂ ಹೇಳಿದ್ದ," ಎಂದರು ಲತೀಫ್.

ಅಂದರೆ ಇದು ಮರೆತು ಬಿಟ್ಟುಹೋದದ್ದಲ್ಲ. ಅವಳಿಗೆಂದೇ ಇಟ್ಟುಹೋದದ್ದು.

ಅದಕ್ಕಿಂತ ಹೆಚ್ಚಾಗಿ ಅವಳನ್ನು ಹೆದರಿಸಿದ್ದು ಶನಿವಾರ ಎಂಬ ಆ ಮಾತು. ಇಲ್ಲಿಗೆ ಬರುವುದೆಂದು ಅವಳು ತೀರ್ಮಾನಿಸಿದ್ದು ಈ ಬೆಳಗ್ಗೆ, ಆಟೋದಲ್ಲಿ. ಇಂದಿರಾನಗರಕ್ಕೆ ಮೊದಲು ಹೋಗುತ್ತಾಳೆ, 'ಇಲ್ಲ' ಅನ್ನಿಸಿಕೊಳ್ಳುತ್ತಾಳೆ, ಟಿನ್ ಫ್ಯಾಕ್ಟರಿಗೆ ಹೋಗುತ್ತಾಳೆ, ವಾರದ ಕೊನೆಗೆ ಬೇರೆ ದಾರಿಯಿಲ್ಲದೆ ಲತೀಫರ ಬಾಗಿಲಿಗೆ ಬರುತ್ತಾಳೆ. ಯಾರೋ ಅವಳ ಯೋಚನೆಯ ದಾರಿಯಲ್ಲಿ ಅವಳಿಗಿಂತ ಮುಂದೆ ನಡೆದುಹೋಗಿದ್ದರು. ಪತ್ತೆಗಿಳಿದವಳು ತಾನು ಎಂದುಕೊಂಡಿದ್ದಳು.

"ಪೊಲೀಸರು ಬಂದು ಕೇಳಿದ್ರೆ ಹೇಳ್ತೀರಾ ಸಾಬ್?"

ಲತೀಫ್ ಗಡ್ಡ ನೀವಿಕೊಂಡರು. "ಕೇಳಿದ್ರೆ ಹೇಳ್ತೀನಿ. ಆದ್ರೆ ಏನಂತ ಹೇಳ್ಲಿ ಬೇಟಿ? ವಾಚು ನಿಮ್ಮ ಕೈಯಲ್ಲಿದೆ. ಅಳತೆ ನಿಮ್ಮದು. ಹೆಸರು ನಿಮ್ಮದು. ಮಾರೋಕೆ ಅಂತ ಬಂದಿದ್ದೂ ನೀವೇ. ಅವನ ಮುಖ ಮಾತ್ರ ನನಗೆ ಗೊತ್ತಿಲ್ಲ."

ವಾಪಸ್ ಬರುವ ಮೆಟ್ರೋದಲ್ಲಿ ಅವಳು ನಿಂತೇ ಬಂದಳು. ವಾಚು, ಕವರು ಎರಡೂ ಚೀಲದ ತಳದಲ್ಲಿದ್ದವು.

ಚಿನ್ನಪ್ಪನವರಿಗೆ ಈಗಲೇ ಫೋನ್ ಮಾಡಬಹುದಿತ್ತು. ವಾಚು ಹಿಡಿದು ಓಡಾಡಿದವನನ್ನು ಕಂಡವರು ಸಿಕ್ಕಿದ್ದಾರೆ ಎನ್ನಬಹುದಿತ್ತು. ಫಹ್ಮಿದಾ ಬೇಡಿದ್ದು ಇಷ್ಟೇ. ಆಮೇಲೆ ಚಿನ್ನಪ್ಪ ತಮ್ಮ ಒಣ ಧ್ವನಿಯಲ್ಲಿ ಕೇಳುವ ಪ್ರಶ್ನೆಗಳೂ ಅವಳಿಗೆ ಕೇಳಿಸುತ್ತಿದ್ದವು. ಕಪಾಟಿನ ಬೀಗದಕೈ ಯಾರ ಹತ್ತಿರ ಇರುತ್ತೆ ಮೇಡಂ? ಮನೆಯಲ್ಲಿ ಯಾರ್‍ಯಾರು ಇದ್ದಾರೆ? ಈ ವಾಚು ಯಾರ ಕೈಗೆ ಸರಿಹೋಗುತ್ತೆ, ಒಂದು ಸಲ ಕಟ್ಟಿ ತೋರಿಸ್ತೀರಾ?

ಇನ್ನೊಂದು ವಿಷಯವನ್ನು ಅವಳು ಯೋಚಿಸದಿರಲು ನೋಡಿದಳು. ಮಲಗಿದ್ದವಳ ಮಣಿಕಟ್ಟಿಗೆ ದಾರ ಸುತ್ತಿದ ಕೈ, ಅವಳಿಗೆ ಎಚ್ಚರವೇ ಆಗದಷ್ಟು ಮೃದುವಾಗಿ ಸುತ್ತಿತ್ತು.

ಹಲಸೂರು ಸ್ಟೇಷನ್ನಿನ ಮೆಟ್ಟಿಲ ಕೆಳಗೆ ಲಕ್ಷ್ಮಿಕಾಂತ ಸ್ಕೂಟರಿನ ಮೇಲೆ ಕೂತಿದ್ದ.

"ನೀವ್ಯಾಕೆ ಬಂದ್ರಿ? ನಿದ್ದೆ ಮಾಡ್ಲಿಲ್ವಾ?"

"ಬರ್ಲಿಲ್ಲ. ಅವ್ವ ಹೇಳಿದ್ಲು, ನೀನೂ ರಾತ್ರಿಯೆಲ್ಲ ಎದ್ದಿದ್ಯಂತೆ. ಬಿಸಿಲಲ್ಲಿ ನಡ್ಕೊಂಡ್ಬರೋದು ಬೇಡ ಅಂತ ಬಂದೆ." ಅವನು ಹೆಲ್ಮೆಟ್ ಹಾಕಿಕೊಂಡ. "ಎಲ್ಲಿಗೆ ಹೋಗಿದ್ದೆ?"

"ಕಮರ್ಷಿಯಲ್ ಸ್ಟ್ರೀಟಿಗೆ."

"ಏನಾದ್ರೂ ಸಿಕ್ತಾ?"

"ಜನಜಂಗುಳಿ."

ಅವನು ನಕ್ಕು ಗಾಜು ಇಳಿಸಿದ. ಹೆಲ್ಮೆಟ್ ಇಲ್ಲದೆ ಈ ಊರಿನಲ್ಲಿ ಯಾರು ಗಾಡಿ ಓಡಿಸುತ್ತಾರೆ ಎಂದು ಅವಳು ತನಗೇ ಹೇಳಿಕೊಂಡಳು. ಮದುವೆಯಾದಾಗಿನಿಂದ ಅವಳಿಗೆ ಪರಿಚಯವಿದ್ದ ಬೆನ್ನು ಅದು. ಒಂದೆರಡು ಬೆರಳಿನಷ್ಟು ಜಾಗ ಬಿಟ್ಟು ಅವಳು ಹಿಂದೆ ಕೂತಳು.

ಕೆರೆಯ ಪಕ್ಕದ ತಿರುವಿಗೆ ಬರುವಾಗ ಫೋನು ಹೊಡೆದುಕೊಂಡಿತು. ಫಹ್ಮಿದಾ.

ಎತ್ತದಿದ್ದರೆ ಯಾಕೆ ಎತ್ತಲಿಲ್ಲ ಎಂಬ ಪ್ರಶ್ನೆ ಮುಂದಿನಿಂದ ಬರುತ್ತದೆ. ಅವಳು ಎತ್ತಿದಳು.

"ಮೇಡಂ, ಚಿನ್ನಪ್ಪ ಸರ್ ಫೋನ್ ಮಾಡಿದ್ರು. ಸೋಮವಾರ ಬೆಳಿಗ್ಗೆ ಬಂದು ಸಹಿ ಹಾಕಿ ಹೋಗಿ ಅಂತಿದಾರೆ. ನಾನು ಹೇಳ್ದೆ, ನಮ್ಮ ಮೇಡಂ ಇನ್ನೂ ಹುಡುಕ್ತಿದಾರೆ ಅಂತ. ಏನಾದ್ರೂ ಗೊತ್ತಾಯ್ತಾ?"

ಸ್ಕೂಟರು ನಿಧಾನವಾಯಿತು. ಮುಂದೆ ಸಿಗ್ನಲ್ ಇರಲಿಲ್ಲ, ಹಂಪ್ ಇರಲಿಲ್ಲ, ಅಡ್ಡ ಬಂದವರೂ ಯಾರೂ ಇರಲಿಲ್ಲ. ಲಕ್ಷ್ಮಿಕಾಂತನ ತಲೆ ಇಷ್ಟೇ ಇಷ್ಟು ಪಕ್ಕಕ್ಕೆ ವಾಲಿತು.

"ಮೇಡಂ?" ಎಂದಳು ಫಹ್ಮಿದಾ.

ಕೆರೆಯ ಮೇಲಿನಿಂದ ಬೀಸಿದ ಗಾಳಿಗೆ ಪ್ರಿಯದರ್ಶಿನಿಯ ಸೆರಗು ಹಾರಿತು. ಅದನ್ನು ಹಿಡಿದುಕೊಳ್ಳುವಷ್ಟು ಹೊತ್ತು ಅವಳಿಗೆ ಸಿಕ್ಕಿತು. ಅಷ್ಟರಲ್ಲಿ ಅವಳು ಎಲ್ಲವನ್ನೂ ತೂಗಿ ನೋಡಿದ್ದಳು: ಹೇಳಿದರೆ ಪೊಲೀಸರಿಗೆ ಸಿಗುವುದು ತನ್ನ ಹೆಸರು, ಮೊದಲು ಕೇಳಿಸಿಕೊಳ್ಳುವುದು ಮುಂದಿರುವ ಈ ಬೆನ್ನು.

"ಇಲ್ಲ ಫಹ್ಮಿದಾ," ಎಂದಳು, ಮುಂದಿದ್ದವನಿಗೂ ಕೇಳುವಷ್ಟು ಗಟ್ಟಿಯಾಗಿ. "ಎಲ್ಲ ಅಂಗಡೀಲೂ ವಿಚಾರಿಸಿದೆ. ಯಾರೂ ಆ ವಾಚು ನೋಡಿಲ್ಲ."



"ನೀವೇ ಹೇಳಿದ ಮೇಲೆ ಮುಗೀತು ಮೇಡಂ," ಎಂದಳು ಫಹ್ಮಿದಾ. "ಬೇರೆ ಯಾರಾದ್ರೂ ಹೇಳಿದ್ರೆ ನಂಬ್ತಿರ್ಲಿಲ್ಲ."

ಸ್ಕೂಟರು ಮತ್ತೆ ಮೊದಲಿನ ವೇಗಕ್ಕೆ ಬಂತು.

ಪ್ರಿಯದರ್ಶಿನಿ ಫೋನನ್ನು ಚೀಲಕ್ಕೆ ಹಾಕಿದಳು. ಚಿನ್ನಪ್ಪನವರಿಗೆ ಹೇಳುವುದಿಲ್ಲ. ಅತ್ತೆಗೆ ಹೇಳುವುದಿಲ್ಲ. ಈ ಬೆನ್ನಿನ ಹಿಂದೆ ಕೂತು ಮನೆಗೆ ಹೋಗಿ, ಊಟ ಬಡಿಸಿ, ಎಂದಿನ ಜಾಗದಲ್ಲೇ ಮಲಗಿ, ಇಂದು ಶಿವಾಜಿನಗರದಲ್ಲಿ ನಡೆದದ್ದನ್ನು ಯಾರೊಬ್ಬರಿಗೂ ಹೇಳುವುದಿಲ್ಲ. ಮುಂದಿನಿಂದ ಅವನ ಎಡಗೈ ಹಿಂದಕ್ಕೆ ಬಂದು, ಬೀಳದ ಹಾಗೆ ಹಿಡಿದುಕೋ ಎಂಬಂತೆ, ಅವಳ ಕೈಯನ್ನು ತನ್ನ ಸೊಂಟಕ್ಕೆ ಎಳೆದುಕೊಂಡಿತು. ಅವಳು ಹಿಡಿದುಕೊಂಡಳು.